ಶಾಯಿ ಬೀಳದ ಮುಖ

ಪಿಟ್ಸ್‌ಬರ್ಗ್
ಫೆಬ್ರವರಿ 11, 1957

ಮಾನ್ಯ ಇರ್ವಿಂಗ್ ಪ್ಲಾಟ್ಕಿನ್ ಅವರಿಗೆ,

ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ನನ್ನ ಮೊದಲ ಕಾದಂಬರಿ ‘ಬೇರೆಯವರ ಅಂಗಿಗಳು’ ಈ ವರ್ಷದ ಕೊನೆಗೆ ಹೊರಬರಲಿದೆ, ಅದರ ರಕ್ಷಾಪುಟದ ಚಿತ್ರ ಬರೆದವರು ನೀವು. ನಮ್ಮ ನಂಟು ಇಷ್ಟೇ. ಹೊದಿಕೆಯ ಒಳಮಡಿಕೆಯ ತುದಿಯಲ್ಲಿ, ಇರುವೆ ಹರಿದಂಥ ಅಕ್ಷರದಲ್ಲಿ ನಿಮ್ಮ ಹೆಸರಿತ್ತು. ವಿಳಾಸವನ್ನು ಇಲ್ಲಿನ ಲೈಬ್ರರಿಯಲ್ಲಿರುವ ನ್ಯೂಯಾರ್ಕಿನ ಟೆಲಿಫೋನ್ ಪುಸ್ತಕದಿಂದ ಹೆಕ್ಕಿಕೊಂಡೆ. ಸಂಪಾದಕ ಪೆಂಡಲ್ ಅವರನ್ನು ಕೇಳಲಿಲ್ಲ. ಕೇಳಿದ್ದರೂ ಅವರು ಕೊಡುತ್ತಿರಲಿಲ್ಲ.

ಮೊನ್ನೆ ಪೆಂಡಲ್ ಹೊದಿಕೆಯ ಪ್ರೂಫ್ ಕಳಿಸಿದರು. ಇಸ್ತ್ರಿ ಮೇಜಿನ ಮುಂದೆ ನಿಂತ ಹೆಂಗಸು, ಪಕ್ಕದಲ್ಲಿ ಅಂಗಿಗಳ ಗುಡ್ಡೆ, ಹಿಂದೆ ನೀಲಿ ಗೋಡೆ. ಅಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೆಂಗಸು ಬೆಳ್ಳಗಿದ್ದಾಳೆ.

ಪುಸ್ತಕ ನನ್ನ ತಾಯಿ ಲೂವಿನಿಯಾಳ ಬದುಕನ್ನು ಕುರಿತದ್ದು. ಅವಳು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಯುಷ್ಯವೆಲ್ಲ ಅಂಗಿಗಳಿಗೆ ಇಸ್ತ್ರಿ ಹಾಕಿದವಳು. ನಾವು ಕಪ್ಪು ಜನ. ಅದು ಮೊದಲ ಪುಟದಲ್ಲೇ ಇದೆ. ನೀವು ಪುಸ್ತಕವನ್ನು ಓದಲೇ ಇಲ್ಲವೇ, ಅಥವಾ ಓದಿಯೂ ಹೀಗೆ ಬರೆದಿರೇ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸಿ ಸಾಕಾಗಿದೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಸಂಜೆ ಮನೆಗೆ ಬಂದು ತಾಯಿಗೆ ಸ್ನಾನ ಮಾಡಿಸಿ, ಊಟ ಕೊಟ್ಟು, ಆಮೇಲೆ ಉಳಿದ ಸತ್ವದಲ್ಲಿ ಈ ಪುಸ್ತಕ ಬರೆದೆ. ಜಗಳವಾಡಲು ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ.

ಆದರೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಅಂದಿನಿಂದ ಅವಳಿಗೆ ಅಕ್ಷರಗಳು ಕೂಡಿಬರುವುದಿಲ್ಲ. ಬೈಬಲ್ಲಿನ ಪುಟವನ್ನು ದಿಟ್ಟಿಸಿ ನೋಡಿ ಮುಚ್ಚಿಡುತ್ತಾಳೆ. ನನ್ನ ಪುಸ್ತಕವನ್ನು ನಾನೇ ಓದಿ ಹೇಳುತ್ತೇನೆಂದರೆ ಅವಳಿಗೆ ನಾಚಿಕೆ, ತನ್ನ ಬಗ್ಗೆ ತಾನೇ ಕೇಳುವುದೆಂದರೇನು ಎಂದು ಸುಮ್ಮನಾಗಿಸುತ್ತಾಳೆ. ಚಿತ್ರ ಮಾತ್ರ ಚೆನ್ನಾಗಿ ಕಾಣುತ್ತದೆ. ಎಂದರೆ, ನನ್ನ ಪುಸ್ತಕದಲ್ಲಿ ಅವಳ ಪಾಲಿಗೆ ಬರುವುದು ನಿಮ್ಮ ಹೊದಿಕೆಯೊಂದೇ. ಅದರ ಮೇಲೆ ಅವಳು ಇರಬೇಕು. ಅವಳ ಫೋಟೋ ಒಂದನ್ನು ಪೆಂಡಲ್ ಅವರಿಗೆ ಕಳಿಸಿದ್ದೆ. ಅದು ನಿಮ್ಮ ಕೈ ಸೇರಿತೇ?

ಉತ್ತರ ನಿರೀಕ್ಷಿಸುತ್ತಿರುವ,
ಆರ್ಡೆಲ್ ಟಾಲಿವರ್


ಬ್ರಾಂಕ್ಸ್, ನ್ಯೂಯಾರ್ಕ್
ಫೆಬ್ರವರಿ 20, 1957

ಮಿಸ್ ಟಾಲಿವರ್ ಅವರೇ,

ನೀವು ನನಗೆ ಬರೆಯಬಾರದಿತ್ತು. ಲೇಖಕರೂ ಹೊದಿಕೆ ಬರೆಯುವವರೂ ನೇರವಾಗಿ ಮಾತಾಡಕೂಡದು ಎನ್ನುವುದು ಈ ಕಸುಬಿನ ಕಟ್ಟಳೆ. ಲೇಖಕರು ಸಂಪಾದಕರ ಹತ್ತಿರ ಅಳುತ್ತಾರೆ, ಸಂಪಾದಕರು ಅದನ್ನು ಸೋಸಿ ನನಗೆ ಹೇಳುತ್ತಾರೆ. ಹಾಗೆ ಸೋಸುವವರು ಇಲ್ಲದಿದ್ದರೆ ನನ್ನಂಥವರು ಎಂದೋ ಯಾರಾದರೊಬ್ಬರ ಕೈಯಲ್ಲಿ ಹೊಡೆತ ತಿಂದು ಸಾಯುತ್ತಿದ್ದೆವು.

ನೀವು ಕೇಳಿದ್ದಕ್ಕೆ ಉತ್ತರ: ಓದಲಿಲ್ಲ. ನಮಗೆ ಓದಲು ಕೊಡುವುದಿಲ್ಲ. ಅರ್ಧ ಪುಟ ಟೈಪ್ ಮಾಡಿ ಕಳಿಸುತ್ತಾರೆ. ಹೋಟೆಲಿನ ಲಾಂಡ್ರಿ, ದುಡಿಯುವ ತಾಯಿ, ಓದುವ ಮಗಳು, ಕಷ್ಟ, ಧೈರ್ಯ. ಮೈಬಣ್ಣದ ಮಾತು ಅದರಲ್ಲಿ ಇರಲಿಲ್ಲ. ಫೋಟೋ ಕೂಡ ಬರಲಿಲ್ಲ.

ಇನ್ನು ಮುಖದ ವಿಚಾರ. ಮೊದಲ ಪುಸ್ತಕ ಬರೆದವರ ಹೊದಿಕೆಯ ಅಚ್ಚಿಗೆ ಎರಡೇ ಶಾಯಿ ಕೊಡುತ್ತಾರೆ, ಕಪ್ಪು ಮತ್ತು ಇನ್ನೊಂದು. ಗೆರೆಗೆ ಕಪ್ಪು ಹೋಯಿತು, ಗೋಡೆಗೆ ನೀಲಿ. ಮುಖಕ್ಕೆ ಏನೂ ಇಲ್ಲ. ನಾವು ಮುಖವನ್ನು ಬರೆಯುವುದಿಲ್ಲ, ಬಿಡುತ್ತೇವೆ. ಕಣ್ಣು ಮೂಗಿಗೆ ನಾಲ್ಕು ಗೆರೆ ಎಳೆದು ಉಳಿದ ಜಾಗ ಖಾಲಿ ಬಿಟ್ಟರೆ ಕಾಗದವೇ ಚರ್ಮವಾಗುತ್ತದೆ. ನಾವಿಕ, ಮದುಮಗಳು, ಪಾದ್ರಿ, ಕೊಲೆಗಾರ, ಎಲ್ಲರಿಗೂ ನಾನು ಹೀಗೇ ಮಾಡಿಕೊಂಡು ಬಂದಿದ್ದೇನೆ. ಬಿಳಿ ಕಾಗದವೂ ಒಂದು ಬಣ್ಣ ಎನ್ನುವುದು ನಿಮ್ಮ ಪತ್ರ ಓದುವ ತನಕ ನನ್ನ ತಲೆಗೆ ಹೊಳೆದಿರಲಿಲ್ಲ. ಅರವತ್ತರ ಹತ್ತಿರ ಬಂದವನಿಗೆ ಇದು ಒಳ್ಳೆಯ ಸುದ್ದಿಯಲ್ಲ.

ನಾನು ಮಾಡಬಹುದಾದ್ದು ಹೆಚ್ಚೇನಿಲ್ಲ. ಕೊಟ್ಟ ಕೆಲಸ ಮುಗಿಸಿದ್ದೇನೆ, ಕೈಯಲ್ಲಿ ಇನ್ನೂ ಮೂರು ಹೊದಿಕೆಗಳಿವೆ, ಬೆರಳುಗಳು ಮೊದಲಿನಂತೆ ಮಾತು ಕೇಳುವುದಿಲ್ಲ. ಪೆಂಡಲ್ ಅವರಿಗೆ ಬರೆಯಿರಿ. ಗಟ್ಟಿಯಾಗಿ ಬರೆಯಿರಿ.

ನಿಮ್ಮ ತಾಯಿಯವರಿಗೆ ಗುಣವಾಗಲಿ.

ಐ. ಪ್ಲಾಟ್ಕಿನ್


ಪಿಟ್ಸ್‌ಬರ್ಗ್
ಮಾರ್ಚ್ 4, 1957

ಪ್ಲಾಟ್ಕಿನ್ ಅವರೇ,

ಗಟ್ಟಿಯಾಗಿಯೇ ಬರೆದೆ. ಪೆಂಡಲ್ ಅವರ ಉತ್ತರ ತುಂಬ ಸೌಜನ್ಯದ್ದು. ನನ್ನ ಮನಸ್ಸಿಗೆ ನೋವಾಗಿದ್ದಕ್ಕೆ ಅವರಿಗೂ ನೋವಾಗಿದೆಯಂತೆ. ಅವರು ಕಂಡುಕೊಂಡ ಪರಿಹಾರ ಇದು: ಹೆಂಗಸನ್ನು ತೆಗೆದುಬಿಡುವುದು. ಬರೀ ಇಸ್ತ್ರಿಪೆಟ್ಟಿಗೆ ಮತ್ತು ಕಿಟಕಿ. “ಇದು ಎಲ್ಲರಿಗೂ ಹಿಡಿಸುತ್ತದೆ” ಎಂದು ಬರೆದಿದ್ದಾರೆ. ಆ ನೆಲಮಾಳಿಗೆಯಲ್ಲಿ ಕಿಟಕಿ ಇರಲಿಲ್ಲ.

ಹಿಂದಿನ ಪತ್ರದಲ್ಲಿ ನಾನು ಹೇಳದೆ ಬಿಟ್ಟದ್ದೊಂದಿದೆ. ನಿಮ್ಮ ಪ್ರೂಫ್ ಬಂದ ದಿನ ನಾನು ಅದನ್ನು ಅಡಗಿಸಿಡುವ ಮೊದಲೇ ಅಮ್ಮನ ಕಣ್ಣಿಗೆ ಬಿತ್ತು. ಕೈಗೆ ತೆಗೆದುಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು.

“ಯಾರೇ ಈಯಮ್ಮ?” ಅಂದಳು.

ನಾನು ಅದನ್ನು ಇಸಿದುಕೊಳ್ಳಲು ಕೈ ಚಾಚಿದೆ.

“ನಮ್ ಹೋಟ್ಲು ಮ್ಯಾನೇಜರ್ ಹೆಂಡ್ತಿ ಥರ ಅವ್ಳೆ. ಆಯಮ್ಮ ಯಾವತ್ತೇ ಇಸ್ತ್ರಿ ಪೆಟ್ಟಿಗೆ ಹಿಡ್ದಿದ್ಲು? ಕರ್ಚೀಫ್ ಮಡ್ಸೋಕೂ ಬರ್ತಿರ್ಲಿಲ್ಲ ಅವ್ಳಿಗೆ.” ಹಾಗೆಂದು ನಕ್ಕು, ಪ್ರೂಫನ್ನು ಮೇಜಿನ ಮೇಲಿಟ್ಟು, “ಮತ್ತೆ ನನ್ ಪುಸ್ತಕ ಯಾವಾಗ್ ಬರುತ್ತೆ ಮಗ್ಳೆ?” ಎಂದು ಕೇಳಿದಳು.

ಸಾರು ಕಾಯಿಸಲು ಎದ್ದುಹೋದೆ. ಇದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಗೆಳತಿಯರಿಗೆ ಹೇಳಿದರೆ ಅವರು ಸಿಟ್ಟಾಗುತ್ತಾರೆ, ಆಮೇಲೆ ಅವರ ಸಿಟ್ಟನ್ನೂ ನಾನೇ ಸಮಾಧಾನ ಮಾಡಬೇಕು.

ಪುಸ್ತಕದ ಕಾರ್ಬನ್ ಪ್ರತಿಯನ್ನೂ ಫೋಟೋದ ಇನ್ನೊಂದು ಪ್ರತಿಯನ್ನೂ ಇದರೊಂದಿಗೆ ಕಳಿಸಿದ್ದೇನೆ. ಫೋಟೋ ಈಸ್ಟರ್ ಹಬ್ಬದ ದಿನ ಚರ್ಚಿನ ಮುಂದೆ ತೆಗೆದದ್ದು, ಅದಕ್ಕೇ ಅಷ್ಟು ದೊಡ್ಡ ಟೊಪ್ಪಿ. ನೀವು ಏನೂ ಮಾಡಬೇಕೆಂದು ಕೇಳುತ್ತಿಲ್ಲ. ಓದಿ, ಸಾಕು.

ಆರ್ಡೆಲ್ ಟಾಲಿವರ್


ಬ್ರಾಂಕ್ಸ್
ಏಪ್ರಿಲ್ 2, 1957

ಮಿಸ್ ಟಾಲಿವರ್ ಅವರೇ,

ಓದಿದೆ. ಓದುವುದೇ ಬೇಡವೆಂದುಕೊಂಡಿದ್ದೆ. ಒಂದು ಭಾನುವಾರ ಕಾಫಿಯ ಜೊತೆ ಎರಡು ಪುಟ ನೋಡೋಣವೆಂದು ಕೂತವನು ಮುಗಿಸಿಯೇ ಎದ್ದೆ. ಒಳ್ಳೆಯ ಪುಸ್ತಕ. ನಿಮ್ಮ ತಾಯಿ ಹಾಡುತ್ತಾರೆ, ಮೇಸ್ತ್ರಿಯನ್ನು ಗೇಲಿ ಮಾಡುತ್ತಾರೆ, ಹೊಸ ಹುಡುಗಿಯರಿಗೆ ಕಾಲರ್ ತಿರುಗಿಸುವುದು ಕಲಿಸುತ್ತಾರೆ. ಒಂದು ಸಂಗತಿ ನನ್ನನ್ನು ಕಾಡಿತು, ತಪ್ಪು ತಿಳಿಯಬೇಡಿ: ಇಡೀ ಪುಸ್ತಕದಲ್ಲಿ ಅವರು ಎಲ್ಲಿಯೂ ಕೂರುವುದಿಲ್ಲ.

ನಿಮ್ಮ ತಾಯಿ ಕೇಳಿದ ಪ್ರಶ್ನೆಗೂ ಉತ್ತರ ಕೊಡಬೇಕು. ಪ್ರೂಫಿನಲ್ಲಿರುವವಳು ಮ್ಯಾನೇಜರ್ ಹೆಂಡತಿಯಲ್ಲ, ನನ್ನ ಹೆಂಡತಿ. ನಾನು ಬರೆದ ಹೆಂಗಸರೆಲ್ಲ ಫ್ರೀಡಾ. ಹೊರಗಿನವರನ್ನು ಕರೆದು ನಿಲ್ಲಿಸಿಕೊಳ್ಳುವ ಅನುಕೂಲ ಇರಲಿಲ್ಲ, ಅವಳೇ ಒಲೆ ಆರಿಸಿ ಬಂದು ನಿಲ್ಲುತ್ತಿದ್ದಳು. “ಇವತ್ತು ನಾನ್ಯಾರು ಇರ್ವಿಂಗ್? ರಾಣೀನಾ, ವಿಧವೇನಾ?” ಎಂದು ಕೇಳುತ್ತಿದ್ದಳು. ತೀರಿಕೊಂಡು ಎರಡು ವರ್ಷವಾಯಿತು. ಕೈಗೆ ಆ ಮೂಗು ಅಭ್ಯಾಸವಾಗಿಬಿಟ್ಟಿದೆ, ಯಾರನ್ನು ಬರೆಯಹೊರಟರೂ ಅದೇ ಬರುತ್ತದೆ.

ಈಗ ಕೆಟ್ಟ ಸುದ್ದಿ. ಓದಿದ ಮೇಲೆ ಸುಮ್ಮನಿರಲಾಗದೆ ಪ್ರಕಾಶನದ ಕಚೇರಿಗೆ ಹೋದೆ. ನೀಲಿ ಶಾಯಿ ಬಿಟ್ಟು ಕಂದು ಶಾಯಿ ತೆಗೆದುಕೊಳ್ಳೋಣ, ಆಗಲೂ ಎರಡೇ ಶಾಯಿ, ಮುಖಕ್ಕೆ ಕಂದು ಬರುತ್ತದೆ, ಚಿತ್ರವನ್ನು ನಾನೇ ಪುಕ್ಕಟೆ ಬರೆದುಕೊಡುತ್ತೇನೆ ಅಂದೆ. ಪೆಂಡಲ್ ಕಿಟಕಿಯ ಕಡೆ ನೋಡಿದರು. ಮಾರಾಟದ ಮುಖ್ಯಸ್ಥ ಸ್ಟ್ರಿಕ್ಲರ್ ಅಲ್ಲೇ ಇದ್ದ.

“ಶಾಯಿ ಪ್ರಶ್ನೆ ಅಲ್ಲ ಇರ್ವಿಂಗ್,” ಅಂದ. “ಕಪ್ಪು ಹೆಂಗ್ಸಿನ ಮುಖ ಮುಂದೆ ಇಟ್ರೆ ದಕ್ಷಿಣದ ರಾಜ್ಯಗಳಲ್ಲಿ ಅಂಗಡಿಯವ್ರು ಪೊಟ್ಟಣಾನೇ ಬಿಚ್ಚಲ್ಲ. ಇಲ್ಲಿಯವ್ರು ಬಿಚ್ತಾರೆ, ಹಿಂದಿನ ಸಾಲಿಗೆ ತಳ್ತಾರೆ. ನಾನೇನು ಈ ಲೋಕಾನ ಮಾಡ್ದವ್ನಾ? ನಾನು ಮಾರೋನು.”

“ಒಳಗೆ ಇರೋದು ಅವರ ಕಥೇನೇ ಅಲ್ವಾ?” ಅಂದೆ.

“ಒಳಗೆ ಏನಾದ್ರೂ ಇರ್ಲಿ. ಒಳಗಡೆ ನೋಡೋದು ದುಡ್ಡು ಕೊಟ್ಮೇಲೆ.”

ಎರಡನೇ ಶಾಯಿಯ ನೆಪ ಇಷ್ಟು ದಿನ ನನಗೂ ಹಿತವಾಗಿತ್ತು. ಈಗ ಅದೂ ಇಲ್ಲ. ಇದನ್ನು ನಿಮಗೆ ನಯವಾಗಿ ಹೇಳುವ ಬಗೆ ನನಗೆ ತಿಳಿಯುತ್ತಿಲ್ಲ, ಅದಕ್ಕೇ ನಡೆದದ್ದನ್ನು ನಡೆದಂತೆ ಬರೆದಿದ್ದೇನೆ. ಇಸ್ತ್ರಿಪೆಟ್ಟಿಗೆಯ ಹೊದಿಕೆ ಮಾಡಲು ನನಗೇ ಹೇಳಿದ್ದಾರೆ. ಬಹುಶಃ ಮಾಡುತ್ತೇನೆ.

ಇರ್ವಿಂಗ್ ಪ್ಲಾಟ್ಕಿನ್


ಪಿಟ್ಸ್‌ಬರ್ಗ್
ಏಪ್ರಿಲ್ 9, 1957

ಪ್ಲಾಟ್ಕಿನ್ ಅವರೇ,

ನಡೆದದ್ದನ್ನು ನಡೆದಂತೆ ಬರೆದದ್ದಕ್ಕೆ ಉಪಕಾರವಾಯಿತು. ಇದರಲ್ಲಿ ನನಗೆ ಹೊಸದೇನೂ ಇಲ್ಲ. ಬೆಳಗ್ಗೆ ಎದ್ದು ಬಸ್ಸು ಹತ್ತಿದರೆ ಸಾಕು, ಸ್ಟ್ರಿಕ್ಲರ್ ಎಲ್ಲ ಕಡೆ ಸಿಗುತ್ತಾನೆ. ಆದರೂ ಪತ್ರ ಮಡಿಚಿಟ್ಟ ಮೇಲೆ ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂತರೆ ಕೈ ಏಳಲಿಲ್ಲ.

ಅಮ್ಮ ದಿನಕ್ಕೊಮ್ಮೆ ಕೇಳುತ್ತಾಳೆ. ಚರ್ಚಿನ ಹೆಂಗಸರಿಗೆಲ್ಲ ಹೇಳಿದ್ದಾಳೆ, “ನಂದು ಪುಸ್ತಕ ಬರ್ತಾ ಐತೆ, ಮುಂದ್ಗಡೆ ನಾನೇ ನಿಂತಿರ್ತೀನಿ” ಎಂದು. ಇಸ್ತ್ರಿಪೆಟ್ಟಿಗೆ ಬಂದಾಗ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ. ಪುಸ್ತಕವನ್ನೇ ವಾಪಸು ಕೇಳೋಣವೆಂದರೆ ಇನ್ನೊಬ್ಬ ಪ್ರಕಾಶಕ ಸಿಗುವ ತನಕ ಅವಳು ಇರುತ್ತಾಳೆಯೇ?

ನಿಮ್ಮ ಹೆಂಡತಿಯವರ ವಿಷಯ ತಿಳಿದು ಬೇಸರವಾಯಿತು. ಅವರ ಮೂಗು ಚೆನ್ನಾಗಿದೆ.

ಇಸ್ತ್ರಿಪೆಟ್ಟಿಗೆ ಮಾಡಿಬಿಡಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

ಆರ್ಡೆಲ್


ಬ್ರಾಂಕ್ಸ್
ಜೂನ್ 3, 1957

ಮಿಸ್ ಆರ್ಡೆಲ್ ಅವರೇ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಾಲ್ಕು ಬಗೆಯಲ್ಲಿ ಬರೆದು ನಾಲ್ಕನ್ನೂ ಹರಿದೆ. ಗಡುವು ಕಳೆಯಿತು, ಪೆಂಡಲ್ ಫೋನ್ ಮಾಡಿದರು, ಜ್ವರ ಅಂದೆ.

ಆಮೇಲೆ ಒಂದು ಬೆಳಗ್ಗೆ ಅಂಗಡಿಯಿಂದ ರೈ ಬ್ರೆಡ್ಡೂ ಉಪ್ಪುಮೀನೂ ತಂದು ಮೇಜಿನ ಮೇಲೆ ಬಿಚ್ಚಿದೆ. ಸುತ್ತಿದ್ದ ಕಂದು ಕಾಗದ ಹಾಗೇ ಬಿದ್ದಿತ್ತು. ನಿಮ್ಮ ತಾಯಿಯ ಫೋಟೋ ಪಕ್ಕದಲ್ಲಿತ್ತು. ಕೈಯಲ್ಲಿ ಪೆನ್ಸಿಲ್ ಇದ್ದಾಗ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ, ಆ ಕಾಗದದ ಮೇಲೆಯೇ ಕಣ್ಣು ಮೂಗಿಗೆ ನಾಲ್ಕು ಗೆರೆ ಎಳೆದು ಉಳಿದದ್ದನ್ನು ಎಂದಿನಂತೆ ಬಿಟ್ಟೆ. ನೋಡಿದರೆ ನಿಮ್ಮ ತಾಯಿ ನನ್ನನ್ನೇ ನೋಡುತ್ತಿದ್ದರು. ಎದ್ದು ಒಲೆಯ ಮೇಲಿದ್ದ ನೀರನ್ನು ಕೆಳಗಿಳಿಸಿ ಮತ್ತೆ ಬಂದು ನೋಡಿದೆ. ಆಗಲೂ ಅವರೇ.

ಇಷ್ಟು ಸುಲಭವಾಗಿತ್ತು. ಕಾಗದವನ್ನೇ ಬದಲಾಯಿಸಿದರೆ ಮುಖಕ್ಕೆ ಶಾಯಿಯೇ ಬೇಕಿಲ್ಲ. ಗೆರೆಗೆ ಕಪ್ಪು ಶಾಯಿ, ಅಂಗಿಗಳಿಗೆ ಬಿಳಿ ಶಾಯಿ. ಈ ಸಲ ಬಿಳಿಯಾಗಲು ಶಾಯಿ ಖರ್ಚು ಮಾಡಬೇಕಾದ್ದು ಅಂಗಿಗಳಿಗೆ.

ಕಚೇರಿಗೆ ತೆಗೆದುಕೊಂಡು ಹೋದೆ. ಸ್ಟ್ರಿಕ್ಲರ್ ಕೈಗೆತ್ತಿಕೊಂಡ.

“ಏನಯ್ಯ ಇದು, ದಿನಸಿ ಅಂಗಡಿ ಪೊಟ್ಟಣ?”

“ನೀವು ಕೊಡೋ ಕಾಗದಕ್ಕಿಂತ ಅಗ್ಗ,” ಅಂದೆ. “ಎರಡೇ ಶಾಯಿ.”

“ಮುಖ ಕಂದು ಇದೆಯಲ್ಲೋ. ಬೇಡ ಅಂದಿರ್ಲಿಲ್ವಾ?”

“ಮುಖಕ್ಕೆ ಶಾಯಿ ಮುಟ್ಟಿಸಿಲ್ಲ ನಾನು. ನಿಮ್ಮಲ್ಲಿ ಕೆಲ್ಸ ಶುರು ಮಾಡ್ದಾಗಿಂದ ಹೆಂಗೆ ಬಿಡ್ತಿದ್ನೋ ಹಂಗೇ ಬಿಟ್ಟಿದೀನಿ. ಯಾವತ್ತಾದ್ರೂ ಬೇಡ ಅಂದಿದೀರಾ?”

ಅವನು ಅದನ್ನು ಕಪಾಟಿನ ಮೇಲಿಟ್ಟು ಬಾಗಿಲ ತನಕ ಹೋಗಿ ತಿರುಗಿ ನೋಡಿದ. “ದೂರದಿಂದ ಅಂಗಿ ಕಾಣುತ್ತೆ,” ಅಂದ. “ಅಂಗಿ ಪರವಾಗಿಲ್ಲ.” ಪೆಂಡಲ್ ಮೊದಲ ಸಲ ಬಾಯಿ ತೆರೆದು, “ನನಗೆ ಇದು ಇಷ್ಟವಾಯಿತು” ಅಂದರು. ಅವರಿಗೆ ಅಷ್ಟು ಹೇಳಲು ಎಷ್ಟು ಕಷ್ಟವಾಯಿತೆಂದು ನಾನು ನೋಡಿದೆ. ಹೋಗುವಾಗ ಸ್ಟ್ರಿಕ್ಲರ್, “ಸ್ವಲ್ಪ ನಗ್ಸು ಮಾರಾಯ ಅವ್ಳನ್ನ” ಅಂದ. ನೋಡ್ತೀನಿ ಅಂದೆ. ನೋಡಲಿಲ್ಲ. ಇದು ಗೆಲುವು ಎಂದು ತಿಳಿಯಬೇಡಿ. ಅವರಿಗೆ ಊಟದ ಹೊತ್ತಾಗಿತ್ತು, ಪುಸ್ತಕ ಚಿಕ್ಕದು, ಕಾಗದ ಅಗ್ಗ. ಮುಂದಿನ ವರ್ಷದಿಂದ ಎಲ್ಲ ಹೊದಿಕೆಗೂ ಫೋಟೋಗಳೇ, ಕೈಯಲ್ಲಿ ಬರೆಯುವವರು ಬೇಕಿಲ್ಲ ಎಂದು ಅವನು ಅಂದೇ ಹೇಳಿ ಕಳಿಸಿದ. ಅದಕ್ಕೂ ನಿಮ್ಮ ಪುಸ್ತಕಕ್ಕೂ ಸಂಬಂಧವಿದೆಯೋ ಇಲ್ಲವೋ ನಾನು ಕೇಳಲಿಲ್ಲ.

ಇದರ ಜೊತೆಗಿರುವ ಪುಸ್ತಕ ಮಾರಾಟದವರು ಅಂಗಡಿಗಳಿಗೆ ಒಯ್ದು ತೋರಿಸುವ ಮಾದರಿ. ಹೊದಿಕೆ ನಿಜವಾದದ್ದು, ಒಳಗಿನ ಹಾಳೆಗಳೆಲ್ಲ ಖಾಲಿ. ಒಂದನ್ನು ಕೋಟಿನೊಳಗೆ ಸೇರಿಸಿಕೊಂಡು ಬಂದೆ. ತಾಯಿಯವರಿಗೆ ತೋರಿಸಿ. ಮುಖವನ್ನು ಫೋಟೋದಿಂದ ತೆಗೆದುಕೊಂಡೆ, ಟೊಪ್ಪಿ ಬಿಟ್ಟೆ. ನಿಂತಿರುವ ಭಂಗಿ ನಿಮ್ಮ ನಾಲ್ಕನೇ ಅಧ್ಯಾಯದ್ದು. ಕಣ್ಣಿನ ಕೆಳಗಿನದು, ಭುಜ ಇಳಿಬಿದ್ದಿರುವುದು, ಅದು ಫೋಟೋದಲ್ಲೂ ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಸ್ನಾನದ ಮನೆಯ ಕನ್ನಡಿಯಲ್ಲಿ ನನ್ನನ್ನೇ ನೋಡಿ ಬರೆದೆ. ದೂರ ಹುಡುಕಬೇಕಾಗಲಿಲ್ಲ.

ಹೊದಿಕೆಯ ಪೂರ್ತಿ ಮುದ್ರಣ ಈ ತಿಂಗಳ ಕೊನೆಗೆ. ತಾಯಿಯವರಿಗೆ ಒಪ್ಪಿಗೆಯಾಗದಿದ್ದರೆ ತಿಳಿಸಿ, ಇನ್ನೂ ತಿದ್ದಬಹುದು.

ಇರ್ವಿಂಗ್ ಪ್ಲಾಟ್ಕಿನ್


ಪಿಟ್ಸ್‌ಬರ್ಗ್
ಜೂನ್ 10, 1957

ಇರ್ವಿಂಗ್ ಅವರೇ,

ಪೊಟ್ಟಣ ಶನಿವಾರ ಬಂತು. ಅಮ್ಮ ಅಡುಗೆಮನೆಯಲ್ಲಿ ಕೂತು ಎಡಗೈಯಲ್ಲೇ ಬಟಾಣಿ ಬಿಡಿಸುತ್ತಿದ್ದಳು. ಬಲಗೈ ಈಗ ಬರೀ ಬುಟ್ಟಿ ಒತ್ತಿಹಿಡಿಯಲು. ನಾನು ಮೊದಲು ಒಬ್ಬಳೇ ನೋಡಿದೆ, ಮೆಟ್ಟಿಲ ಮೇಲೆ ಕೂತು. ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು ಪುಸ್ತಕವನ್ನು ಅವಳ ಮುಂದೆ ಬೋರಲಾಗಿ ಇಟ್ಟೆ. ಧೈರ್ಯ ಸಾಲಲಿಲ್ಲ.

ಅವಳು ಎತ್ತಿಕೊಂಡು ಮೊದಲು ತೆರೆದು ನೋಡಿದ್ದು ಒಳಗೆ. ಒಂದೊಂದೇ ಹಾಳೆ ತಿರುವಿದಳು.

“ಒಂದಕ್ಷರಾನೂ ಇಲ್ವಲ್ಲೇ ಇದ್ರಲ್ಲಿ! ಇಷ್ಟ್ ವರ್ಷ ಬಾಗ್ಲು ಹಾಕ್ಕೊಂಡು ಟಕಟಕ ಅಂತ ಹೊಡೀತಿದ್ದಿದ್ದು ಇದೇನಾ?”

ಅಂಗಡಿಯವರಿಗೆ ತೋರಿಸುವ ಖಾಲಿ ಪುಸ್ತಕವೆಂದು ವಿವರಿಸಿದೆ.

“ಹಂಗಾದ್ರೆ ಇದನ್ನ ನಾನೂ ಓದ್ಬೋದು ಬಿಡು,” ಅಂದಳು. ಲಕ್ವ ಹೊಡೆದ ಮೇಲೆ ಅವಳು ಅದರ ಬಗ್ಗೆ ಮಾಡಿದ ಮೊದಲ ತಮಾಷೆ ಅದು.

ಆಮೇಲೆ ಮುಚ್ಚಿ, ತಿರುಗಿಸಿ, ಮುಂಭಾಗ ನೋಡಿದಳು. ಯಾರೆಂದು ಕೇಳಲಿಲ್ಲ. ಹೆಬ್ಬೆರಳಿನಿಂದ ಕಣ್ಣಿನ ಕೆಳಗಿನ ಗೆರೆಯನ್ನು ಒರೆಸಿದಳು, ಹೋಗುತ್ತದೆಯೋ ಎನ್ನುವಂತೆ.

“ನಂಗ್ಯಾಕೆ ಇಷ್ಟು ಸುಸ್ತು ಮಾಡಿದಾನೆ ಇವ್ನು?”

“ಬೇಡ ಅಂದ್ರೆ ತಿದ್ದೋಕೆ ಹೇಳ್ತೀನಮ್ಮ. ಇನ್ನೂ ಟೈಮಿದೆ,” ಅಂದೆ.

“ಸುಳ್ಳು ಬರ್ದಿಲ್ಲ ಬಿಡು. ಸುಸ್ತು ಆಗ್ತಿತ್ತು. ಮನೆಗ್ ಬರೋವಾಗ ಮೆಟ್ಟಿಲ್ ಹತ್ತೋಕೇ ಆಗ್ತಿರ್ಲಿಲ್ಲ, ಕೆಳಗ್ ನಿಂತ್ಕೊಂಡು ಹಾಡು ಗುನುಗ್ತಿದ್ದೆ, ಉಸ್ರು ಬರ್ಲಿ ಅಂತ.”

“ಒಂದಿನಾನೂ ಹೇಳ್ಲಿಲ್ವಲ್ಲಮ್ಮ ನೀನು.”

“ಯಾರ್ ಕೇಳಿದ್ರು?”

ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಇರ್ವಿಂಗ್ ಅವರೇ. ಗಂಟೆ ಎಷ್ಟು ಎಂದು ಕೇಳಿದ ಹಾಗೆ ಕೇಳಿದಳು. ಆದರೆ ನಾನು ಅವಳ ಮೇಲೆ ಇಡೀ ಪುಸ್ತಕ ಬರೆದವಳು. ಆ ಹಾಡು ನನ್ನ ಪುಸ್ತಕದಲ್ಲಿದೆ. ಕೆಲಸ ಮುಗಿಸಿ ಬರುವಾಗಲೂ ಹಾಡುತ್ತ ಬರುತ್ತಿದ್ದಳು, ಅಷ್ಟು ಉಲ್ಲಾಸ ಅವಳಿಗೆ ಎಂದು ಬರೆದಿದ್ದೇನೆ. ನಾನು ಮೇಲಿನ ಮನೆಯಲ್ಲಿ ಕೂತು ಓದುತ್ತ ಅದನ್ನು ಕೇಳುತ್ತಿದ್ದೆ. ಇಳಿದು ಹೋಗಿ ನೋಡಿದವಳಲ್ಲ. ಪುಟಗಳು ಆಗಲೇ ಅಚ್ಚುಮೊಳೆ ಸೇರಿವೆ, ತಿದ್ದಲು ಬಿಡುವುದಿಲ್ಲ. ಹೊದಿಕೆ ಮಾತ್ರ ನಿಜ ಹೇಳುತ್ತದೆ, ಅದು ಹಾಗೆಯೇ ಇರಲಿ. ಒಂದು ಗೆರೆಯನ್ನೂ ಮುಟ್ಟಬೇಡಿ.

ಅವಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಟಾಣಿ ಬಿಡಿಸುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ, “ನನ್ನ ನೋಡ್ದೇ ಇರೋ ಮನುಷ್ಯಂಗೆ ಅದು ಹೆಂಗ್ ಗೊತ್ತಾಯ್ತು?” ಎಂದು ಕೇಳಿದಳು. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಬರೆದರಂತೆ ಅಂದೆ.

ಅಮ್ಮನ ಕೈ ನಿಂತಿತು.

“ಪಾಪ,” ಅಂದಳು. “ಅವ್ರನ್ನೂ ಯಾರೂ ಕೇಳಿಲ್ಲ ಅನ್ಸುತ್ತೆ. ಒಂದಿಷ್ಟ್ ಹೊತ್ತು ಕೂತ್ಕೊಳ್ಳೋಕೆ ಹೇಳು ಮಗ್ಳೆ. ನಾನ್ ಹೇಳ್ದೆ ಅಂತ ಬರಿ.”

ಬರೆದಿದ್ದೇನೆ.

ನಿಮ್ಮ,
ಆರ್ಡೆಲ್